ಬ್ಯಾಳಿ ಬಾವಿ

ಏಪ್ರಿಲ್ ಎರಡನೆಯ ವಾರದ ಒಂದು ಮಧ್ಯಾಹ್ನ ಅಲ್ಲಾಸಾಬನ ಮನೆಯಲ್ಲಿ ಬೇಳೆ ಬೇಯಲಿಲ್ಲ. ಕುಕ್ಕರು ಐದು ಸಲ ಸೀಟಿ ಹೊಡೆದು ಸುಮ್ಮನಾಯಿತು. ಸೊಸೆ ಶಬನಮ್ ಮುಚ್ಚಳ ತೆಗೆದು ನೋಡಿದರೆ ತೊಗರಿಬೇಳೆ ಬಿಡಿಬಿಡಿಯಾಗಿ, ಹಾಕಿದ ಹಾಗೆಯೇ ತಳದಲ್ಲಿ ಕುಳಿತಿತ್ತು.

"ಯರಗಟ್ಟಿ ಅಂಗಡ್ಯಾಂವ ಹಳೇ ಬ್ಯಾಳಿ ಕಟ್ಯಾನ," ಎಂದಳು ಅತ್ತೆ ಕಾಶಿಂಬಿ.

"ಕುಕ್ಕರಿನ ರಬ್ಬರ ಹೋಗಿರಬೇಕು," ಎಂದ ಗಂಡ ಇಕ್ಬಾಲ್.

"ಮಮ್ಮಿ ಹೊಂಡದ ಕಡೆ ಓಡಿ ಹೋಗಿದ್ಲು. ಸೀಟಿ ಯಾರು ಎಣಿಸ್ಯಾರ?" ಎಂದಳು ಪಿಯುಸಿ ಓದುವ ಮಗಳು ಅಲ್ಮಾಸ.

ಮಾವ ಅಲ್ಲಾಸಾಬ ರೊಟ್ಟಿಗೆ ಮೊಸರು ಹಚ್ಚಿಕೊಂಡ. ಅಂಗಡಿಯವನ ಮೇಲೆ, ರಬ್ಬರಿನ ಮೇಲೆ, ಸೊಸೆಯ ಮೇಲೆ ಎಲ್ಲರ ಅನುಮಾನವೂ ಹೋಯಿತು. ನೀರಿನ ಮೇಲೆ ಮಾತ್ರ ಯಾರದೂ ಹೋಗಲಿಲ್ಲ. ಆ ಬಾವಿಯ ನೀರನ್ನು ಅನುಮಾನಿಸುವ ರೂಢಿಯೇ ಆ ಮನೆಯಲ್ಲಿರಲಿಲ್ಲ.

ಕಟಕೋಳದಿಂದ ಮೂರು ಕಿಲೋಮೀಟರು ಆಚೆಗಿದ್ದ ಆ ಹೊಲದ ಮನೆಯ ಬಾವಿಗೆ ಸುತ್ತಲಿನವರು ಇಟ್ಟ ಹೆಸರು ಬ್ಯಾಳಿ ಬಾವಿ. ಆ ನೀರಿನಲ್ಲಿ ಬೇಳೆ ಎರಡೇ ಸೀಟಿಗೆ ಬೆಣ್ಣೆಯಾಗುತ್ತಿತ್ತು. ಮದುವೆ ಮುಂಜಿ ಇದ್ದವರು ಎತ್ತಿನ ಗಾಡಿಯಲ್ಲಿ ಬ್ಯಾರಲ್ಲು ಹಾಕಿಕೊಂಡು ಬರುತ್ತಿದ್ದರು. ಬಾವಿ ಕಾಶಿಂಬಿಯದು, ಮಾತಿಗಲ್ಲ, ಕಾಗದದಲ್ಲೇ ಅವಳದು. ನಿಕಾಹ್ ದಿನ ಅಲ್ಲಾಸಾಬನ ಅಪ್ಪನ ಕೈ ಖಾಲಿ ಇತ್ತು. ಮೆಹರ್ ಏನು ಬರೆಯಲಿ ಎಂದು ಖಾಜಿ ಕೇಳಿದಾಗ ಆತ ಹಿಂದೆ ಮುಂದೆ ನೋಡದೆ "ಬಾವಿ ಬರೀರಿ" ಎಂದುಬಿಟ್ಟಿದ್ದ. ಗಂಡ ಹೆಂಡತಿಗೆ ಕೊಡಲೇಬೇಕಾದ ಮೆಹರ್ ಕಾಶಿಂಬಿಗೆ ಹೀಗೆ ನೀರಾಗಿ ಬಂದಿತ್ತು. ಐವತ್ತು ವರ್ಷ ಅವಳು ಆ ಬಾವಿಯನ್ನು ಆಳಿದಳು. ಮೆಟ್ಟು ಹಾಕಿಕೊಂಡು ಕಟ್ಟೆ ಹತ್ತಿದವರನ್ನು ಬೈದಳು, ಬಿಂದಿಗೆ ತಂದವರನ್ನು ಬರಿಗೈಯಲ್ಲಿ ಕಳಿಸಲಿಲ್ಲ.

ಬಾವಿಯಿಂದ ಇನ್ನೂರು ಹೆಜ್ಜೆ ಆಚೆಗೆ ನಾಲ್ಕು ಎಕರೆ ಸವಳು. ಕಾಲುವೆ ಬಂದ ಹೊಸದರಲ್ಲಿ ಅಲ್ಲಾಸಾಬ ಕಬ್ಬಿಗೆ ನೀರು ಕುಡಿಸಿದ್ದೇ ಕುಡಿಸಿದ್ದು. ಕೆಳಗಿನ ಉಪ್ಪು ಮೇಲೆ ಬಂದು ನೆಲ ಬೆಳ್ಳಗಾಯಿತು. ಹನ್ನೊಂದು ವರ್ಷದಿಂದ ಅಲ್ಲಿ ಜಾಲಿ ಬಿಟ್ಟರೆ ಇನ್ನೇನೂ ಎದ್ದಿರಲಿಲ್ಲ. ಲಾರಿ ಓಡಿಸುವ ಇಕ್ಬಾಲ್ ಆಂಧ್ರದ ಕಡೆ ಗೋವಿನಜೋಳದ ಲೋಡು ಒಯ್ಯುತ್ತಿದ್ದವನು ಒಮ್ಮೆ ಅಲ್ಲಿಂದ ಸಿಗಡಿಯ ಕನಸು ಹೊತ್ತು ಬಂದ.

"ಅವರದೂ ನಮ್ಮಂಥಾದs ಉಪ್ಪಿನ ನೆಲ ಅಬ್ಬಾ. ಹೊಂಡ ತೋಡಿ ಝಿಂಗಾ ಬಿಟ್ಟಾರ. ಎರಡೆರಡು ಅಂತಸ್ತಿನ ಮನಿ ಕಟ್ಟ್ಯಾರ," ಎಂದ ಅಪ್ಪನಿಗೆ.

"ಝಿಂಗಾ ಮಕ್ರೂ," ಎಂದಳು ಕಾಶಿಂಬಿ. ತಿನ್ನಬಾರದ್ದಲ್ಲದಿದ್ದರೂ ತಿನ್ನದಿದ್ದರೆ ಒಳ್ಳೆಯದು ಎಂದು ಅವಳ ಅರ್ಥ.

"ತಿನ್ನಾಕಲ್ಲಮ್ಮಾ, ಮಾರಾಕ."

"ನೀ ತಿನ್ನದ್ದನ್ನ ಮಂದಿಗಿ ಯಾಕ ತಿನಸ್ತಿ?"

ಇಕ್ಬಾಲ್ ರಾಮದುರ್ಗದ ಮೌಲ್ವಿಯನ್ನು ಕೇಳಿಕೊಂಡು ಬಂದ. ಕೆಲವರು ಹೌದೆನ್ನುತ್ತಾರೆ, ಕೆಲವರು ಅಲ್ಲವೆನ್ನುತ್ತಾರೆ ಎಂದು ಅವರು ಹೇಳಿದ್ದರು. ತಾಯಿ ಮಗ ಇಬ್ಬರೂ ತಮಗೆ ಬೇಕಾದ ಅರ್ಧ ಇಟ್ಟುಕೊಂಡರು.

ಸಿಗಡಿ ಸಾಕಣೆ ಕಲಿತಿದ್ದ ಬೈಲಹೊಂಗಲದ ಸುನೀಲ ಮೋಟರ್‌ಸೈಕಲ್ ಮೇಲೆ ಬಂದು ಜಾಗ ನೋಡಿದ. ಲಾಭ ಹೇಳಿದ, ಅಪಾಯವನ್ನೂ ಮುಚ್ಚಿಡಲಿಲ್ಲ. ಬಿಳಿಚುಕ್ಕೆ ರೋಗ ಹೊಕ್ಕರೆ ಮೂರು ದಿನದಲ್ಲಿ ಹೊಂಡ ಖಾಲಿ. ಕರೆಂಟು ಹೋಗಿ ನೀರಿನಲ್ಲಿ ಗಾಳಿ ಆಡದಿದ್ದರೆ ಒಂದೇ ಮುಂಜಾನೆಗೆ ಖಾಲಿ. ಕೊನೆಗೆ, "ತಳಕ್ಕ, ದಂಡಿಗೆ ದಪ್ಪನ್ನ ತಾಡಪತ್ರಿ ಹಾಸಬೇಕ್ರಿ. ಇಲ್ಲಂದ್ರ ಉಪ್ಪುನೀರು ಬಸಿತೈತಿ," ಎಂದ.

ಅಲ್ಲಾಸಾಬ ಮನಸಾರೆ ನಕ್ಕ. "ನಮ್ಮ ಯರಿ ಮಣ್ಣಿಗಿ ತಾಡಪತ್ರಿ? ಮಳಿಗಾಲದಾಗ ತಗ್ಗಿನ್ಯಾಗ ನಿಂತ ನೀರು ಶಿವರಾತ್ರಿ ಆದ್ರೂ ಆರೂದಿಲ್ಲೋ ತಮ್ಮಾ."

ಅಲ್ಲಿಯ ತನಕ ಬಾಗಿಲ ಹಿಂದೆ ನಿಂತಿದ್ದ ಶಬನಮ್ ಮುಂದೆ ಬಂದಳು. "ತಾಡಪತ್ರಿ ರೊಕ್ಕದಾಗ ನೀರಿಗಿ ಗಾಳಿ ಹಾಕೂ ಚಕ್ರ ಇನ್ನೊಂದು ಬರತೈತಲ್ಲ?"

"ಖರೆ ಮಾತು," ಎಂದ ಇಕ್ಬಾಲ್. "ಖರೆ," ಎಂದ ಅಲ್ಲಾಸಾಬ. ಮದುವೆಯಾಗಿ ಹದಿನೆಂಟು ವರ್ಷಕ್ಕೆ ಶಬನಮ್‌ಳ ಒಂದು ಮಾತು ಆ ಪಡಸಾಲೆಯಲ್ಲಿ ನಡೆಯಿತು. ಅದು ಇದೇ ಮಾತು ಆಗಿದ್ದು ಅವಳ ಹಣೆಬರಹ.

ಫೆಬ್ರವರಿ ಕೊನೆಗೆ ಪ್ಲಾಸ್ಟಿಕ್ ಚೀಲಗಳಲ್ಲಿ ಮರಿ ಬಂದವು. ಇಕ್ಬಾಲ್ ಮತ್ತೆ ಲಾರಿ ಹತ್ತಿದ, ಹೊಂಡ ಶಬನಮ್‌ಳ ಪಾಲಿಗೆ ಬಂತು. ದಿನಕ್ಕೆ ನಾಲ್ಕು ಸಲ ಮೇವು ಎರಚುವುದು, ನೀರಿನಲ್ಲಿ ಇಳಿಬಿಟ್ಟ ತಟ್ಟೆ ಎತ್ತಿ ತಿಂದಿವೆಯೋ ಬಿಟ್ಟಿವೆಯೋ ನೋಡುವುದು, ಉಪ್ಪು ಅಳೆಯುವ ಸಣ್ಣ ನಳಿಗೆಯ ಗಾಜಿನ ಮೇಲೆ ಒಂದು ಹನಿ ಹಾಕಿ ಬೆಳಕಿಗೆ ಹಿಡಿದು ಗೆರೆ ಎಣಿಸುವುದು. ಆ ನಳಿಗೆಗೆ ಮನೆಯಲ್ಲಿ ದುರ್ಬೀನು ಎಂದು ಹೆಸರಾಯಿತು. ತಟ್ಟೆಯಲ್ಲಿ ಸಿಗಡಿಗಳು ಟಪಟಪ ಜಿಗಿಯುವುದನ್ನು ಕಂಡರೆ ಅವಳಿಗೆ ಒಬ್ಬಳೇ ಇದ್ದರೂ ನಗು ಬರುತ್ತಿತ್ತು. ಅಮಾವಾಸ್ಯೆಯ ಸುತ್ತ ಅವು ಪೊರೆ ಬಿಡುತ್ತವೆ, ಆಗ ಮೇವು ಕಡಿಮೆ ಮಾಡಿ ಎಂದು ಸುನೀಲ ಹೇಳಿದ ದಿನ ಅಲ್ಲಾಸಾಬನಂತೂ ಖುಷಿಯಾಗಿಹೋದ.

"ಅಮಾಸಿ ದಿನ ಎತ್ತಿಗೂ ಸೂಟಿ, ಇವಕ್ಕೂ ಸೂಟಿ. ಒಕ್ಕಲುತನದ ಜೀವನs ಇವು!"

ಕಾಶಿಂಬಿ ಮಾತ್ರ ಹೊಂಡದ ದಂಡೆಯನ್ನು ಒಮ್ಮೆಯೂ ಹತ್ತಲಿಲ್ಲ.

ಬೇಳೆ ಬೇಯದ ಮರುದಿನ ಶಬನಮ್ ಬೇರೆ ಅಂಗಡಿಯ ಬೇಳೆ ಹಾಕಿದಳು. ಬೇಯಲಿಲ್ಲ. ಕುಕ್ಕರಿಗೆ ಹೊಸ ರಬ್ಬರು ಬಂತು. ಬೇಯಲಿಲ್ಲ. ಮೂರನೆಯ ದಿನ ಹೊಂಡದ ನೀರು ಅಳೆದು ದುರ್ಬೀನು ಒರೆಸುತ್ತಿದ್ದವಳಿಗೆ ಏನನ್ನಿಸಿತೋ, ಬಾವಿಗೆ ಹೋಗಿ ಒಂದು ಹನಿ ಹಾಕಿ ನೋಡಿದಳು. ಗೆರೆ ಸೊನ್ನೆಯ ಮೇಲಿರಬೇಕಿತ್ತು, ಒಂದರ ಮೇಲಿತ್ತು. ಒರೆಸಿ ಮತ್ತೆ ಹಾಕಿದಳು. ಒಂದೇ.

ಹೊಂಡದ ಸುತ್ತ ನಡೆದು ನೋಡಿದಳು. ಬಾವಿಯ ಕಡೆಯ ದಂಡೆ, ನೀರಿನಿಂದ ಒಂದು ಮೊಳ ಮೇಲೆ, ಬಿಸಿಲಿಗೆ ಬಿರಿದು ಬಾಯಿ ತೆರೆದಿತ್ತು. ನೀರು ಕಟ್ಟಿಕೊಂಡರೆ ಬಿಡದ ಯರಿ ಮಣ್ಣು ಒಣಗಿದರೆ ಹೇಗೆ ಸೀಳುತ್ತದೆಂದು ಆ ಸೀಮೆಯ ಹಸುಗೂಸಿಗೂ ಗೊತ್ತು. ಅವತ್ತು ಪಡಸಾಲೆಯಲ್ಲಿ ಅದು ಯಾರ ನೆನಪಿಗೂ ಬಂದಿರಲಿಲ್ಲ. ಇಳಿದ ನೀರಿನ ಬದಲು ಸವಳಿನಲ್ಲಿ ಕೊರೆಸಿದ್ದ ಕೊಳವೆಬಾವಿಯ ಉಪ್ಪುನೀರು ತುಂಬಿಸಿದಾಗಲೆಲ್ಲ ಆ ಸೀಳುಗಳು ತಮ್ಮ ಪಾಲು ಕುಡಿದಿದ್ದವು.

ಹೇಳಿದರೆ ಹೊಂಡ ಖಾಲಿ ಮಾಡಬೇಕಾಗುತ್ತದೆ. ಸಿಗಡಿ ಇನ್ನೂ ಕಿರುಬೆರಳಿನಷ್ಟು. ಅವಳು ಯಾರಿಗೂ ಹೇಳಲಿಲ್ಲ. ಸೀಳುಗಳಿಗೆ ಹಸಿ ಮಣ್ಣು ಮೆತ್ತಿದಳು; ಮನೆಗೆ ಬಂದು ಬೇಳೆಗೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿದಳು. ಎರಡು ಸೀಟಿಗೆ ಬೆಂದಿತು.

"ರಬ್ಬರಿಂದs ತಪ್ಪು ನೋಡು," ಎಂದ ಇಕ್ಬಾಲ್, ಗೆದ್ದವನ ಹಾಗೆ.

ಐದು ವಾರ ಹಾಗೇ ನಡೆಯಿತು. ಚಿಟಿಕೆ ಎರಡಾಯಿತು. ದುರ್ಬೀನಿನ ಗೆರೆ ಎರಡರ ಹತ್ತಿರ ಹೋಯಿತು. ಚಹಾ ಒಂದೊಂದು ದಿನ ಒಡೆಯುತ್ತಿತ್ತು, ಬೈಗುಳ ಹಾಲಿನವನಿಗೆ ಹೋಗುತ್ತಿತ್ತು. ಕಾಶಿಂಬಿ ಎರಡು ಸಲ ತಟ್ಟೆ ಸರಿಸಿ, "ಬ್ಯಾಳಿಗಿ ರುಚಿನs ಇಲ್ಲ. ನನ್ನ ನಾಲಿಗಿ ಕೆಟ್ಟೈತಿ," ಎಂದು ತನ್ನನ್ನೇ ದೂರಿಕೊಂಡಳು. ಆ ಮಾತು ಕೇಳಿದಾಗ ಶಬನಮ್‌ಳಿಗೆ ತನ್ನ ತಟ್ಟೆಯ ಬೇಳೆಯೂ ಬೇಡವಾಯಿತು. ಆದರೂ ಮರುದಿನ ಮತ್ತೆ ಸೋಡಾ ಹಾಕಿದಳು. ಸಿಗಡಿ ಈಗ ನಡುಬೆರಳಿನಷ್ಟಾಗಿದ್ದವು.

ಮೇ ಮೂರನೆಯ ವಾರ ಪಕ್ಕದ ಹೊಲದ ತಾರಾಬಾಯಿ ಸೆರಗಿನಲ್ಲಿ ಒಂದು ಬಟ್ಟಲು ಮುಚ್ಚಿಕೊಂಡು ಬಂದಳು. ಅವಳ ಗಂಡ ವೆಂಕಣ್ಣ ನಿವೃತ್ತ ಮಾಸ್ತರ. ಅವರ ಮನೆಯ ಅಡುಗೆಗೆ, ದೇವರಿಗೆ ಎಲ್ಲಕ್ಕೂ ಬ್ಯಾಳಿ ಬಾವಿಯದೇ ನೀರು. ಮಂಡಿ ನೋವಿನ ಹೆಂಗಸು ಕಟ್ಟೆಯ ಮೇಲೆ ಕುಳಿತು ಬಟ್ಟಲು ತೆರೆದಳು.

"ಕಾಶಿಂಬಿ ಅವ್ವಾ, ನೋಡ್ರಿ. ತಿಂಗಳಾತು ಬ್ಯಾಳಿ ಬೇಯಾಕ ಸತಾಯಸ್ತದ, ಕುಕ್ಕರ ಹಳೇದಾತು ಅಂತ ಸುಮ್ಮನಿದ್ದೆ. ನಿನ್ನೆ ಏಕಾದಶಿ ಉಪವಾಸ. ಇವತ್ತ ಪಾರಣಿಗೆ ಬ್ಯಾಳಿ ಇಟ್ರ ಏಳು ಸೀಟಿ ಆದ್ರೂ ಬೇಯಲಿಲ್ಲ. ನಮ್ಮವರು ಹಂಗs ಕಡಕೊಂಡು ತಿಂದ್ರು. ನೀರಿಗೇನರ ಆಗ್ಯದೇನ್ರಿ?"

"ನೀರಿಗೇನಾಗತೈತ್ರಿ ತಾರಾಬಾಯಾರ? ನಮ್ಮ ಮನ್ಯಾಗ ಬೆಣ್ಣಿ ಆದಂಗ ಬೇಯತೈತಿ. ಶಬನಮ್, ಬ್ಯಾಳಿ ತಂದು ತೋರಸು!"

ಶಬನಮ್ ಬಟ್ಟಲು ತಂದಳು. ತಾರಾಬಾಯಿ ಒಂದು ಬೇಳೆಯನ್ನು ಎರಡು ಬೆರಳಲ್ಲಿ ಒತ್ತಿ ನೋಡಿದಳು. ಐವತ್ತು ವರ್ಷ ಸಾರು ಮಾಡಿದ ಬೆರಳಿಗೆ ಸೋಡಾದ ಜಿಗುಟು ತಿಳಿಯದೆ ಇದ್ದೀತೆ? ತಲೆ ಎತ್ತಿ ಶಬನಮ್‌ಳ ಮುಖ ನೋಡಿದಳು. ಆಮೇಲೆ ಸೆರಗಿಗೆ ಬೆರಳು ಒರೆಸಿಕೊಂಡಳು.

"ಹಂಗಾರ ನನ್ನ ಕುಕ್ಕರಿಂದs ದೋಷ. ನಿಮ್ಮ ಬಾವಿ ಮ್ಯಾಲೆ ಸಂಶೇ ಪಟ್ಟೆ. ತಪ್ಪಾತ್ರಿ ಅವ್ವಾ," ಎಂದು ಎದ್ದು ಹೋದಳು.

ಮಾಡಿದವಳು ತಾನು, ತಪ್ಪಾಯಿತೆಂದವಳು ಆಕೆ. ಶಬನಮ್ ಸಂಜೆಯವರೆಗೆ ಹೊಂಡದ ದಂಡೆಯ ಮೇಲೆ ಕುಳಿತಳು. ಅವತ್ತು ಇಕ್ಬಾಲ್ ಬಂದಿದ್ದ. ಎಲ್ಲರೂ ಊಟಕ್ಕೆ ಕುಳಿತಾಗ ಅವಳು ರೊಟ್ಟಿಯ ಬುಟ್ಟಿಯ ಪಕ್ಕಕ್ಕೆ ಎರಡು ಸಾಮಾನು ತಂದಿಟ್ಟಳು: ದುರ್ಬೀನು, ಸೋಡಾ ಪೊಟ್ಟಣ.

"ಬಾವಿಗಿ ಉಪ್ಪು ಇಳದೈತಿ. ಐದು ವಾರಾತು. ನನಗ ಗೊತ್ತಿತ್ತು."

ಕಾಶಿಂಬಿ ಪೊಟ್ಟಣ ಎತ್ತಿ, ಓದು ಬರದಿದ್ದರೂ, ಎರಡೂ ಕಡೆ ತಿರುಗಿಸಿ ನೋಡಿದಳು.

"ನನ್ನ ನಾಲಿಗಿ ಕೆಟ್ಟಿರಲಿಲ್ಲ ಹಂಗಾರ," ಎಂದಳು.

"ಇಲ್ಲರಿ ಅಮ್ಮಾ."

"ಬಾಯಿಬಿಟ್ಟಿದ್ರ ನಿನ್ನ ಗಂಟೇನು ಹೋಗತಿತ್ತು?" ಎಂದು ಅಲ್ಲಾಸಾಬ ಗದರಿದ. ತಾಡಪತ್ರಿಗೆ ನಕ್ಕವನು ತಾನೇ ಎಂಬುದು ನೆನಪಾಯಿತೋ ಏನೋ, ದನಿ ಅರ್ಧಕ್ಕೇ ಇಳಿಯಿತು.

ಇಕ್ಬಾಲ್ ಸುನೀಲನಿಗೆ ಫೋನು ಹಚ್ಚಿದ. ಇನ್ನು ಇಪ್ಪತ್ತೈದು ದಿನ ಬಿಟ್ಟರೆ ಸಿಗಡಿ ಒಂದಕ್ಕೆರಡು ತೂಗುತ್ತವೆ, ಈಗ ಹಿಡಿದರೆ ಹಾಕಿದ್ದು ಬಂದರೆ ಪುಣ್ಯ ಎಂದ ಸುನೀಲ. ಬಿಟ್ಟಷ್ಟು ದಿನ ಬಾವಿಗೆ ಇನ್ನಷ್ಟು ಇಳಿಯುತ್ತದೆ ಎಂದೂ ಹೇಳಿದ. ಇಕ್ಬಾಲ್ ಫೋನು ಕೆಳಗಿಟ್ಟು ತಾಯಿಯ ಕಡೆ ತಿರುಗಿದ.

"ಅಮ್ಮಾ, ಬಾವಿ ನಿಂದು. ನಿನ್ನ ಮೆಹರ್. ಎಷ್ಟು ಮಂದಿ ಹೆಂಗಸರು ಮೆಹರ್ ಮಾಫ ಮಾಡೂದಿಲ್ಲ? ಇಪ್ಪತ್ತೈದs ದಿನ. ಒಂದು ಮಾತು ಅಂದುಬಿಡು, ಮಾಫ ಅಂತ."

ಹೆಂಡತಿ ಬಾಯಿಮಾತಿನಲ್ಲಿ ಮೆಹರ್ ಬಿಟ್ಟುಕೊಟ್ಟರೆ ಮುಗಿಯಿತು, ಮತ್ತೆ ಕೇಳುವಂತಿಲ್ಲ. ಸಾಯುವ ಗಂಡನ ಮಂಚದ ಪಕ್ಕ ನಿಲ್ಲಿಸಿ ಆ ಮಾತು ಹೇಳಿಸುವವರೂ ಇದ್ದಾರೆ. ಇಕ್ಬಾಲ್ ಊಟದ ತಟ್ಟೆಯ ಮುಂದೆ ಕೇಳಿದ, ಅಷ್ಟೇ ವ್ಯತ್ಯಾಸ. ಅಲ್ಲಾಸಾಬ ನೆಲ ನೋಡಿದ.

ಕಾಶಿಂಬಿ ಸೋಡಾ ಪೊಟ್ಟಣ ಕೆಳಗಿಟ್ಟಳು. "ನಂದು ನಾ ಮಾಫ ಮಾಡೇನು. ತಾರಾಬಾಯಿ ಗಂಡ ಉಪಾಸ ಬಿಡಾಕ ಕುಂತು ಹಸೀ ಬ್ಯಾಳಿ ಕಡದಾನ. ಅದನ್ನ ನಾ ಹ್ಯಾಂಗ ಮಾಫ ಮಾಡ್ಲಿ? ಅದೇನು ನನ್ನ ಮೆಹರ?"

ಕಾಶಿಂಬಿ ಸೊಸೆಯ ಕಡೆ ನೋಡಿದಳು. "ಹೊಂಡ ನೀ ನೋಡಕೊಂಡಾಕಿ. ನೀನs ಹೇಳು."

ಶಬನಮ್ ಮೂರು ತಿಂಗಳು ಕೈಯಾರೆ ಮೇವು ಹಾಕಿದವಳು. ಆದರೂ ಅವಳೇ ಹೇಳಿದಳು:

"ನಾಡದಿಗೆ ಝಿಂಗಾ ಹಿಡಿಯಾಕ ಬಲಿ ತರಸ್ರಿ."

ಗೋವಾದ ವ್ಯಾಪಾರಿ ಮಂಜುಗಡ್ಡೆ ತುಂಬಿದ ಟೆಂಪೋ ತಂದ. ಗಾತ್ರ ಸಣ್ಣದೆಂದ, ಅಮೆರಿಕದವರು ತೆರಿಗೆ ಏರಿಸಿದ್ದಾರೆಂದ, ದರ ಇಳಿಸಿದ. "ನಮ್ಮ ಸವಳಿನ ಸುದ್ದಿ ಅಮೆರಿಕಾದವರಿಗೂ ಗೊತ್ತಾತು," ಎಂದು ಅಲ್ಮಾಸ ನಕ್ಕಳು. ಉಳಿದವರಿಗೆ ನಗು ಬರಲಿಲ್ಲ. ಸುನೀಲ ಹೇಳಿದಂತೆ ಹಾಕಿದ್ದು ಬಂತು, ಅದರಾಚೆ ಏನೂ ಬರಲಿಲ್ಲ. ಹೊಂಡದ ನೀರನ್ನು ಪಂಪು ಹಚ್ಚಿ ಸವಳಿನ ಆಚೆ ಮೂಲೆಯ ತಗ್ಗಿಗೆ ಬಿಟ್ಟರು. ವಾರದಲ್ಲಿ ಅಲ್ಲಿ ಬಿಳಿ ಉಪ್ಪು ಕಟ್ಟಿತು.

ಹೊಂಡ ಖಾಲಿಯಾದ ಮರುದಿನ ಮುಂಜಾನೆ ಕಾಶಿಂಬಿ ಸೊಸೆಯ ಮುಂದೆ ಎರಡು ಸ್ಟೀಲಿನ ಕೊಡ ಇಟ್ಟಳು.

"ಊರಾಗಿನ ನಳದ ನೀರು ತಂದು ದಿನಾ ತಾರಾಬಾಯಿ ಮನಿಗಿ ಹಾಕು. ಬಾವಿ ನೀರಿನ್ಯಾಗ ಸೋಡಾ ಇಲ್ಲದ ಬ್ಯಾಳಿ ಬೇಯೂತನಕ."

"ಆಮ್ಯಾಲೆ?"

"ಆಮ್ಯಾಲೆ ಬೇಕಂದ್ರ ತಾಡಪತ್ರಿ ಹಾಸಿ ಇನ್ನೊಮ್ಮೆ ಬಿಡ್ರಿ ನಿಮ್ಮ ಝಿಂಗಾ. ಬ್ಯಾಳಿ ಬೇಯೂಕಿಂತ ಮೊದಲ ಹೊಂಡದಾಗ ಒಂದು ಹನಿ ಉಪ್ಪುನೀರು ಬಿದ್ದದ್ದು ನೋಡಿದ್ರ ನಾ ಈ ಮನಿ ರೊಟ್ಟಿ ಮುಟ್ಟೂದಿಲ್ಲ."

ಸೈಕಲ್ಲಿಗೆ ಎರಡೂ ಕಡೆ ಕೊಡ ಕಟ್ಟಿ ಶಬನಮ್ ದಿನಾ ಮೂರು ಕಿಲೋಮೀಟರು ತಳ್ಳಿಕೊಂಡು ಬಂದಳು. ಮೊದಲ ದಿನ ತಾರಾಬಾಯಿ ಹೌಹಾರಿದಳು, ಬೇಡವೆಂದಳು. "ಅಮ್ಮಾ ಹೇಳ್ಯಾರ್ರಿ," ಎಂದು ಇವಳು ಹಂಡೆಗೆ ಸುರಿದಳು. ಊರವರು ಕಾರಣ ಕೇಳಿ ತಿಳಿದುಕೊಂಡು, ಮತ್ತೆ ಕೇಳಿ ನಕ್ಕರು. ಇಕ್ಬಾಲ್ ಮೋಟರ್‌ಸೈಕಲ್ ಮೇಲೆ ತರುತ್ತೇನೆಂದ, ಕಾಶಿಂಬಿ ಒಪ್ಪಲಿಲ್ಲ. ಬಾವಿಗೆ ಪಂಪು ಹಚ್ಚಿ ವಾರಕ್ಕೊಮ್ಮೆ ತಳ ಕಾಣುವ ತನಕ ಬತ್ತಿಸಿದರು. ಜೂನ್ ಮಳೆ ಬಂತು, ಜುಲೈ ಮಳೆ ಬಂತು. ಗೆರೆ ಒಂದೂವರೆಗೆ, ಒಂದಕ್ಕೆ ಇಳಿದು ಅಲ್ಲೇ ಕುಳಿತುಬಿಟ್ಟಿತು. ಆಗಸ್ಟ್ ಹೊತ್ತಿಗೆ ಇಕ್ಬಾಲ್ ಕಪ್ಪು ತಾಡಪತ್ರಿಯ ದೊಡ್ಡ ಸುರುಳಿ ತಂದು ಪಡಸಾಲೆಯ ಗೋಡೆಗೆ ಒರಗಿಸಿದ. ಹಾಯುವಾಗ ಎಲ್ಲರೂ ಎಡವಿದರು. ಅದನ್ನು ಒಳಗಿಡು ಎಂದು ಯಾರೂ ಅನ್ನಲಿಲ್ಲ. ಶಬನಮ್‌ಳಿಗೂ ಹೊಂಡ ಬೇಕಿತ್ತು, ಗಂಡನಿಗಿಂತ ಹೆಚ್ಚಾಗಿ ಬೇಕಿತ್ತು. ಕೊಡ ಹೊರುವಾಗಲೂ ಅವಳ ತಲೆಯಲ್ಲಿ ಎರಡನೆಯ ಬೆಳೆಯ ಲೆಕ್ಕಾಚಾರವೇ ನಡೆಯುತ್ತಿತ್ತು.

ಸೆಪ್ಟೆಂಬರಿನ ಒಂದು ಸೋಮವಾರ ಮುಂಜಾನೆ ಹಂಡೆಗೆ ನೀರು ಸುರಿದು ಸೊಂಟ ಹಿಡಿದು ನಿಂತವಳಿಗೆ ತಾರಾಬಾಯಿ ಹೇಳಿದಳು:

"ಶಬನಮ್, ನಾಳಿಂದ ನೀರು ತರಬ್ಯಾಡವಾ. ನಿನ್ನೆ ನಿಮ್ಮ ಬಾವಿ ನೀರು ತರಿಸಿ ಬ್ಯಾಳಿ ಇಟ್ಟಿದ್ದೆ. ಬೆಂತು. ಎರಡs ಸೀಟಿಗೆ."

"ಖರೇನ ತಾರಾಬಾಯಾರ?"

"ಬಂಗಾರದಂಗ ಬೆಂತು. ನಿಮ್ಮ ಅತ್ತಿಗೆ ನಾನs ಹೇಳಿ ಕಳಸ್ಲೇನು?"

"ನಾ ಹೇಳತೇನ್ರಿ," ಎಂದು ಶಬನಮ್ ಖಾಲಿ ಕೊಡಗಳನ್ನು ಸದ್ದು ಮಾಡಿಸುತ್ತ ಸೈಕಲ್ಲು ಹತ್ತಿದಳು. ತಳ್ಳದೆ, ಹತ್ತಿ ತುಳಿದದ್ದು ಎಷ್ಟೋ ದಿನದ ಮೇಲೆ.

ಮನೆಗೆ ಬಂದವಳೇ ಬಾವಿಯ ನೀರು ಸೇದಿ ಬೇಳೆ ಇಟ್ಟಳು. ಇಕ್ಬಾಲ್ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಎರಡು ಸೀಟಿ, ಮೂರು, ಐದು. ಮುಚ್ಚಳ ತೆಗೆದರು. ಬೇಳೆ ಒಡೆದಿತ್ತು, ಕರಗಿರಲಿಲ್ಲ. ಹಲ್ಲಿಗೆ ಕಟುಕ್ ಎಂದಿತು.

"ಬೆಂದೈತಿ ಅಂತ ಹೇಳು," ಎಂದ ಇಕ್ಬಾಲ್, ದನಿ ತಗ್ಗಿಸಿ. "ತಾರಾಬಾಯಾರs ಹೇಳ್ಯಾರಲ್ಲ? ಅಮ್ಮಾ ಅವರ ಮಾತು ತಗದು ಹಾಕೂದಿಲ್ಲ."

"ಆಕಿ ಮನ್ಯಾಗ ಹ್ಯಾಂಗ ಬೆಂತು?"

"ಹ್ಯಾಂಗರ ಬೇಯ್ಲಿ. ನಿನಗ್ಯಾಕ?"

ಬೆಂತೆಂಬ ಸುದ್ದಿಯನ್ನು ಶಬನಮ್ ಅತ್ತೆಗೆ ಮುಟ್ಟಿಸಲಿಲ್ಲ. ಮರುದಿನ ಬೆಳಕು ಹರಿಯುತ್ತಲೇ ಎಂದಿನಂತೆ ಸೈಕಲ್ಲಿಗೆ ಕೊಡ ಕಟ್ಟಿದಳು.

ವೆಂಕಣ್ಣ ಮಾಸ್ತರರ ಹಿತ್ತಲ ಬಾಗಿಲು ತೆರೆದಿತ್ತು. ಹಂಡೆಯ ಮೇಲಿನ ಕಿಟಕಿಯಲ್ಲಿ ಸಾಸಿವೆ ಡಬ್ಬಿ, ಇಂಗಿನ ಡಬ್ಬಿ, ಅವುಗಳ ನಡುವೆ ಮೂತಿ ಮಡಚಿ ದಾರ ಸುತ್ತಿದ ಒಂದು ಪೊಟ್ಟಣ. ಅವಳು ಐದು ವಾರ ಬಚ್ಚಿಟ್ಟು ಬಳಸಿದ ಅದೇ ಸೋಡಾ. ಆ ಮನೆಯಲ್ಲಿ ಹಿಂದೆಂದೂ ಕಂಡದ್ದಲ್ಲ. ಅವಳು ಕೊಡ ಬಿಚ್ಚುವಷ್ಟರಲ್ಲಿ ತಾರಾಬಾಯಿ ಮಂಡಿ ಹಿಡಿದುಕೊಂಡು ಹೊರಗೆ ಬಂದಳು.

"ಯವ್ವಾ, ತರಬ್ಯಾಡ ಅಂದಿದ್ದೆನಲ್ಲ? ನಮ್ಮ ಬ್ಯಾಳಿ ಬೆಂತು ಅಂತ ಹೇಳಿದೆ..."

ಶಬನಮ್ ಕಿಟಕಿಯತ್ತ ನೋಡಿದಳು. ಅವಳು ಎಲ್ಲಿ ನೋಡಿದಳೆಂದು ತಾರಾಬಾಯಿಗೂ ತಿಳಿಯಿತು.

"ನಿಮ್ಮದು ಬೆಂದೈತ್ರಿ," ಎಂದಳು ಶಬನಮ್. "ನಮ್ಮದಿನ್ನಾ ಬೇಯವಲ್ದು."

ಕೊಡ ಎತ್ತಿ ಹಂಡೆಗೆ ಸುರಿದಳು.